ಗ್ಲಾಕೋಮಾಗೆ ಹಾಕುವ ಡ್ರಾಪ್ಸ್: ದೃಷ್ಟಿ ಹೆಚ್ಚಾಗಲಿಲ್ಲ ಎಂದು ನಿಲ್ಲಿಸಬಹುದೇ?

ಬಿಳಿ ಈರುಳ್ಳಿ ರಸ, ಶುಂಠಿ ರಸ, ನಿಂಬೆರಸ, ಜೇನುತುಪ್ಪ ಬೆರೆಸಿ ದಿನಾ ಎರಡು ಹನಿ ಕಣ್ಣಿಗೆ ಬಿಟ್ಟರೆ ಪೊರೆ, ಗ್ಲಾಕೋಮಾ, ಕನ್ನಡಕ ಎಲ್ಲವೂ ಮಾಯ ಎನ್ನುವ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ಡಾಕ್ಟರು ಕೊಡುವ ಡ್ರಾಪ್ಸ್ ಒಮ್ಮೆ ಶುರು ಮಾಡಿದರೆ ಕಣ್ಣಿಗೆ ಅದೇ ಅಭ್ಯಾಸವಾಗಿಬಿಡುತ್ತದೆ, ಆದಷ್ಟು ಬೇಗ ಬಿಟ್ಟುಬಿಡಿ ಎಂದು. ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಗ್ಲಾಕೋಮಾ ಇದ್ದರೆ ಇವೆರಡು ಸಾಲು ಸಾಕು, ಬಾಟಲಿ ಮೂಲೆ ಸೇರುತ್ತದೆ.

ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇವೆ. ಗ್ಲಾಕೋಮಾಗೆ ಕೊಡುವ ಡ್ರಾಪ್ಸ್ ದೃಷ್ಟಿಯನ್ನು ಹೆಚ್ಚಿಸುವುದಿಲ್ಲ. ಅದು ಉಳಿದಿರುವ ದೃಷ್ಟಿಯನ್ನು ಕಾಯುತ್ತದೆ. ಹಾಕಿದರೂ ಏನೂ ವ್ಯತ್ಯಾಸ ಗೊತ್ತಾಗುತ್ತಿಲ್ಲ ಎಂದರೆ ಔಷಧ ಸೋತಿದೆ ಎಂದಲ್ಲ. ಅನೇಕ ಬಾರಿ ಅದು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಏಕೆ ಎಂಬುದನ್ನು ಈಗ ಒಂದೊಂದಾಗಿ ನೋಡೋಣ.

ಕಣ್ಣೊಳಗಿನ ನಲ್ಲಿ ಮತ್ತು ಬಚ್ಚಲ ಕಿಂಡಿ

ನಮ್ಮ ಕಣ್ಣಿನ ಮುಂಭಾಗದಲ್ಲಿ ತಿಳಿ ನೀರಿನಂಥ ದ್ರವವೊಂದು ಸದಾ ಹರಿಯುತ್ತಿರುತ್ತದೆ. ಇದು ಕಣ್ಣೀರಲ್ಲ. ಕಣ್ಣೀರು ಹೊರಗಿನದು, ಇದು ಒಳಗಿನದು. ಕಣ್ಣೊಳಗಿನ ಒಂದು ಅಂಗಾಂಶ ಈ ದ್ರವವನ್ನು ತಯಾರಿಸುತ್ತಲೇ ಇರುತ್ತದೆ. ಕಣ್ಣಿನ ಬಣ್ಣದ ಭಾಗವೂ ಪಾರದರ್ಶಕ ಭಾಗವೂ ಸೇರುವ ಮೂಲೆಯಲ್ಲಿ ಜರಡಿಯಂಥ ಒಂದು ದಾರಿಯಿದೆ. ದ್ರವ ಅಲ್ಲಿಂದ ಹೊರಹೋಗಿ ರಕ್ತಕ್ಕೆ ಸೇರುತ್ತದೆ. ಒಂದು ಕಡೆ ನಲ್ಲಿ, ಇನ್ನೊಂದು ಕಡೆ ಬಚ್ಚಲ ಕಿಂಡಿ ಎಂದುಕೊಳ್ಳಿ. ಕಿಂಡಿ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ಕಣ್ಣಿನೊಳಗೆ ಒತ್ತಡ ಏರುತ್ತದೆ.

ಈ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯೇ ಬೇರೆ, ಇದೇ ಬೇರೆ. ಬಿಪಿ ಮಾತ್ರೆ ತಗೊಳ್ತಿದ್ದೀನಲ್ಲ, ಕಣ್ಣಿನ ಪ್ರೆಷರಿಗೂ ಅದೇ ಸಾಕು ಎಂದುಕೊಳ್ಳುವುದು ತಪ್ಪು.

ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ಸುಮಾರು 10 ಲಕ್ಷಕ್ಕೂ ಹೆಚ್ಚು ಸಣ್ಣ ಎಳೆಗಳಿವೆ. ಒತ್ತಡಕ್ಕೆ ಸಿಕ್ಕಿ ಈ ಎಳೆಗಳು ನಿಧಾನವಾಗಿ ಸಾಯುವುದೇ ಗ್ಲಾಕೋಮಾ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ. ಪೊರೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಪೊರೆ ಬಂದರೆ ಆಪರೇಷನ್ ಮಾಡಿ ದೃಷ್ಟಿ ಮರಳಿ ತರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಹೋದದ್ದೇ.

ಇನ್ನೊಂದು ತೊಂದರೆಯೆಂದರೆ ಮೊದಲು ಹೋಗುವುದು ಬದಿಯ ನೋಟ. ನೇರವಾಗಿ ನೋಡಿದ್ದು ಚೆನ್ನಾಗಿಯೇ ಕಾಣುತ್ತದೆ, ಪೇಪರ್ ಓದಬಹುದು, ಸೂಜಿಗೆ ದಾರ ಪೋಣಿಸಬಹುದು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುತ್ತದೆ, ಉಳಿದದ್ದನ್ನು ಮೆದುಳು ಊಹಿಸಿಕೊಳ್ಳುತ್ತದೆ. ಹೊಸ್ತಿಲು ಎಡವುವುದು, ಪಕ್ಕದಿಂದ ಬಂದ ಸ್ಕೂಟರ್ ಕಾಣದಿರುವುದು ಶುರುವಾಗುವ ಹೊತ್ತಿಗೆ ಬಹಳಷ್ಟು ಎಳೆಗಳು ಹೋಗಿರುತ್ತವೆ. ಭಾರತದಲ್ಲಿ ಸುಮಾರು 1.2 ಕೋಟಿ ಜನರಿಗೆ ಗ್ಲಾಕೋಮಾ ಇದೆ ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರಿಗೆ ಅದು ಇರುವುದೇ ಗೊತ್ತಿಲ್ಲ.

ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದರೂ ಕೆಲವರಿಗೆ ಗ್ಲಾಕೋಮಾ ಬರುತ್ತದೆ. ಅಂಥವರಿಗೂ ಒತ್ತಡವನ್ನು ಇನ್ನಷ್ಟು ಇಳಿಸಿದರೆ ಅನುಕೂಲವಾಗುತ್ತದೆ. ಒಟ್ಟಿನಲ್ಲಿ ನಮ್ಮ ಕೈಯಲ್ಲಿ ಇರುವ ಹಿಡಿ ಒಂದೇ, ಅದು ಒತ್ತಡ ಇಳಿಸುವುದು.

ಡ್ರಾಪ್ಸ್‌ನಿಂದ ನಿಜಕ್ಕೂ ಉಪಯೋಗ ಇದೆಯೇ?

ಇದೆ, ಅದಕ್ಕೆ ಗಟ್ಟಿ ಸಾಕ್ಷ್ಯವೂ ಇದೆ. ಕಣ್ಣಿನ ಒತ್ತಡ ಹೆಚ್ಚಿದ್ದು ನರಕ್ಕೆ ಇನ್ನೂ ಪೆಟ್ಟಾಗಿರದ 1,600ಕ್ಕೂ ಹೆಚ್ಚು ಜನರನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ ಗಮನಿಸಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, 5 ವರ್ಷದಲ್ಲಿ ಡ್ರಾಪ್ಸ್ ಇಲ್ಲದ ಗುಂಪಿನಲ್ಲಿ ಶೇ 9.5 ಮಂದಿಗೆ ಗ್ಲಾಕೋಮಾ ಬಂತು. ಡ್ರಾಪ್ಸ್ ಹಾಕಿದ ಗುಂಪಿನಲ್ಲಿ ಅದು ಶೇ 4.4 ಮಾತ್ರ.

ಗ್ಲಾಕೋಮಾ ಆಗಲೇ ಇದ್ದವರ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಲಟಾನೊಪ್ರಾಸ್ಟ್, ಇನ್ನೊಂದಕ್ಕೆ ಔಷಧವಿಲ್ಲದ ಹನಿ. ಎರಡು ವರ್ಷದಲ್ಲಿ ನೋಟದ ವ್ಯಾಪ್ತಿ ಇನ್ನಷ್ಟು ಕೆಟ್ಟವರು ಔಷಧವಿಲ್ಲದ ಗುಂಪಿನಲ್ಲಿ 100ಕ್ಕೆ ಸುಮಾರು 26, ಔಷಧ ಹಾಕಿದವರಲ್ಲಿ 15. ಅಂದರೆ ಡ್ರಾಪ್ಸ್ ಮಂತ್ರದಂಡವಲ್ಲ, ಹಾಕಿದರೂ ಕೆಲವರಿಗೆ ರೋಗ ಮುಂದುವರಿಯುತ್ತದೆ. ಅದಕ್ಕೇ ತಪಾಸಣೆಗೆ ಮತ್ತೆ ಮತ್ತೆ ಕರೆಯುವುದು.

ಯಾವ ಯಾವ ಡ್ರಾಪ್ಸ್ ಇವೆ?

ಅಂಗಡಿಯಲ್ಲಿ ನೂರಾರು ಬ್ರ್ಯಾಂಡ್ ಕಾಣಿಸಿದರೂ ಒಳಗಿರುವ ಔಷಧದ ಗುಂಪುಗಳು ಕೆಲವೇ. ಕೆಲವು ನಲ್ಲಿಯನ್ನು ಸಣ್ಣಗೆ ಮಾಡುತ್ತವೆ, ಕೆಲವು ಕಿಂಡಿಯನ್ನು ಸಲೀಸು ಮಾಡುತ್ತವೆ. ನಿಮ್ಮ ಮನೆಯ ಬಾಟಲಿ ತೆಗೆದು ಸಣ್ಣ ಅಕ್ಷರದಲ್ಲಿ ಬರೆದಿರುವ ಹೆಸರು ನೋಡಿ, ಈ ಕೆಳಗಿನ ಯಾವುದಾದರೂ ಒಂದು ಇರುತ್ತದೆ.

1. ಲಟಾನೊಪ್ರಾಸ್ಟ್, ಟ್ರಾವೊಪ್ರಾಸ್ಟ್, ಬೈಮಾಟೊಪ್ರಾಸ್ಟ್, ಟಾಫ್ಲುಪ್ರಾಸ್ಟ್

ಈಗ ಸಾಮಾನ್ಯವಾಗಿ ಮೊದಲು ಕೊಡುವುದು ಇವನ್ನೇ. ದಿನಕ್ಕೆ ಒಂದೇ ಹನಿ, ಹೆಚ್ಚಾಗಿ ರಾತ್ರಿ. ಒತ್ತಡವನ್ನು ಶೇ 25ರಿಂದ 33ರಷ್ಟು ಇಳಿಸಬಲ್ಲವು. ದ್ರವ ಹೊರಹೋಗುವ ದಾರಿಯನ್ನು ಸಲೀಸು ಮಾಡುವುದು ಇವುಗಳ ಕೆಲಸ.

ಇವುಗಳ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. ಪ್ರೊಸ್ಟಾಗ್ಲಾಂಡಿನ್ ಎಂಬ ಜಾತಿಯ ವಸ್ತುಗಳು ಕಣ್ಣಿನ ಒತ್ತಡವನ್ನು ಏರಿಸುತ್ತವೆ ಎಂದೇ ವಿಜ್ಞಾನಿಗಳು ನಂಬಿದ್ದರು. ಹಂಗೇರಿಯಿಂದ ಅಮೆರಿಕಕ್ಕೆ ವಲಸೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಲಾಸ್ಲೊ ಬಿಟೊ, ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಅವೇ ಒತ್ತಡವನ್ನು ಇಳಿಸುತ್ತವೆ ಎಂದು ಪ್ರಾಣಿಗಳಲ್ಲಿ ತೋರಿಸಿದರು. ಆ ದಾರಿಯಲ್ಲೇ ಹುಟ್ಟಿದ ಲಟಾನೊಪ್ರಾಸ್ಟ್‌ಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಅಡ್ಡಪರಿಣಾಮಗಳು: ಕಣ್ಣು ಸ್ವಲ್ಪ ಕೆಂಪಾಗುವುದು, ರೆಪ್ಪೆಯ ಕೂದಲು ಉದ್ದವಾಗಿ ದಟ್ಟವಾಗುವುದು, ಕಣ್ಣ ಸುತ್ತ ಚರ್ಮ ಕಪ್ಪಾಗುವುದು, ಕೆಲವರಿಗೆ ಕಣ್ಣು ಒಳಗೆ ಹೋದಂತೆ ಕಾಣುವುದು. ಒಂದೇ ಕಣ್ಣಿಗೆ ಹಾಕುವವರಲ್ಲಿ ಎರಡು ಕಣ್ಣಿನ ವ್ಯತ್ಯಾಸ ಎದ್ದು ಕಾಣಬಹುದು. ರೆಪ್ಪೆ ಕೂದಲು ಬೆಳೆಸುವ ಇದೇ ಗುಣಕ್ಕಾಗಿ ಬೈಮಾಟೊಪ್ರಾಸ್ಟ್ ಸೌಂದರ್ಯದ ಔಷಧವಾಗಿಯೂ ಮಾರಾಟವಾಗುತ್ತದೆ. ಡಾಕ್ಟರ ಸಲಹೆಯಿಲ್ಲದೆ ಅಂದಕ್ಕಾಗಿ ಅದನ್ನು ಬಳಸಬೇಡಿ.

2. ಟಿಮೊಲಾಲ್, ಬೆಟಾಕ್ಸಲಾಲ್

ಇವು ದ್ರವದ ತಯಾರಿಕೆಯನ್ನೇ ತಗ್ಗಿಸುತ್ತವೆ. 1978ರಲ್ಲಿ ಟಿಮೊಲಾಲ್ ಬಂದಾಗ ಅದು ದೊಡ್ಡ ಹೆಜ್ಜೆ. ಅದಕ್ಕೂ ಮುಂಚೆ ರೋಗಿಗಳು ಪೈಲೊಕಾರ್ಪಿನ್ ಹನಿಯನ್ನು ದಿನಕ್ಕೆ ನಾಲ್ಕು ಸಲ ಹಾಕಬೇಕಿತ್ತು. ಟಿಮೊಲಾಲ್ ಬೆಲೆಯೂ ಕಡಿಮೆ, ಹಾಗಾಗಿ ಇಂದಿಗೂ ಬಹಳ ಬಳಕೆಯಲ್ಲಿದೆ.

ಇಲ್ಲಿ ಎಚ್ಚರ ಬೇಕು. ಕಣ್ಣಿಗೆ ಹಾಕಿದ ಹನಿ ಕಣ್ಣಲ್ಲೇ ಉಳಿಯುವುದಿಲ್ಲ. ಕಣ್ಣಿನ ಒಳಮೂಲೆಯ ಸಣ್ಣ ರಂಧ್ರದ ಮೂಲಕ ಮೂಗಿಗೆ ಇಳಿಯುತ್ತದೆ, ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತದೆ. ಅಸ್ತಮಾ ಇರುವವರಲ್ಲಿ ಒಂದು ಹನಿ ಟಿಮೊಲಾಲ್ ಉಸಿರಾಟದ ಕೊಳವೆಗಳನ್ನು ಬಿಗಿಗೊಳಿಸಿ ಉಬ್ಬಸ ಹೆಚ್ಚಿಸಬಹುದು. ನಾಡಿಬಡಿತ ಕಡಿಮೆ ಇರುವವರಲ್ಲಿ, ಹೃದಯದ ಬಡಿತದಲ್ಲಿ ತಡೆ ಇರುವವರಲ್ಲಿ ಬಡಿತವನ್ನು ಇನ್ನೂ ಇಳಿಸಬಹುದು. ಸಕ್ಕರೆ ಕಾಯಿಲೆಯವರಲ್ಲಿ ಶುಗರ್ ಇಳಿದಾಗ ಆಗುವ ಎದೆ ಹೊಡೆತ, ನಡುಕದಂಥ ಸೂಚನೆಗಳನ್ನು ಮುಚ್ಚಿಡಬಹುದು. ಬೆಟಾಕ್ಸಲಾಲ್ ಶ್ವಾಸಕೋಶದ ಮಟ್ಟಿಗೆ ಸ್ವಲ್ಪ ಸೌಮ್ಯ, ಆದರೂ ಅಪಾಯ ಪೂರ್ತಿ ಇಲ್ಲವೆಂದಲ್ಲ.

ಏನು ಔಷಧ ತಗೊಳ್ತೀರಿ ಎಂದು ಡಾಕ್ಟರು ಕೇಳಿದಾಗ ನಮ್ಮ ಹಿರಿಯರು ಮಾತ್ರೆಗಳನ್ನು ಮಾತ್ರ ಹೇಳುತ್ತಾರೆ. ಕಣ್ಣಿನ ಹನಿಯನ್ನು ಔಷಧ ಎಂದು ಎಣಿಸುವುದೇ ಇಲ್ಲ. ದಯವಿಟ್ಟು ಅದನ್ನೂ ಹೇಳಿ. ಕಣ್ಣಿನ ಡಾಕ್ಟರಿಗೆ ಅಸ್ತಮಾ, ಹೃದಯದ ವಿಷಯ ಹೇಳಿ, ಉಳಿದ ಡಾಕ್ಟರಿಗೆ ಕಣ್ಣಿನ ಹನಿಯ ವಿಷಯ ಹೇಳಿ.

3. ಬ್ರಿಮೊನಿಡಿನ್

ದ್ರವದ ತಯಾರಿಕೆಯನ್ನು ತಗ್ಗಿಸುವುದರ ಜೊತೆಗೆ ಹೊರಹರಿವನ್ನೂ ಸ್ವಲ್ಪ ಹೆಚ್ಚಿಸುತ್ತದೆ. ದಿನಕ್ಕೆ ಎರಡು ಅಥವಾ ಮೂರು ಸಲ. ಬಾಯಿ ಒಣಗುವುದು, ತೂಕಡಿಕೆ, ಸುಸ್ತು ಆಗಬಹುದು. ತಿಂಗಳುಗಟ್ಟಲೆ ಹಾಕಿದ ಮೇಲೆ ಕೆಲವರಿಗೆ ಅಲರ್ಜಿಯಾಗಿ ಕಣ್ಣು ಕೆಂಪಾಗಿ ತುರಿಕೆ ಬರುತ್ತದೆ. ಎಳೆ ಮಕ್ಕಳಿಗೆ ಇದು ಅಪಾಯಕಾರಿ, ಅತಿಯಾದ ನಿದ್ರೆ ತಂದು ಉಸಿರಾಟವನ್ನೇ ತಗ್ಗಿಸಬಲ್ಲದು. ಬಾಟಲಿ ಮಕ್ಕಳ ಕೈಗೆ ಸಿಗದಂತೆ ಇಡಿ.

4. ಡಾರ್ಜೊಲಮೈಡ್, ಬ್ರಿಂಜೊಲಮೈಡ್

ಇವೂ ನಲ್ಲಿ ತಿರುಗಿಸುವ ಗುಂಪು. ಹಾಕಿದ ಮೇಲೆ ಬಾಯಲ್ಲಿ ಕಹಿ ಬಂದರೆ ಗಾಬರಿ ಬೇಡ, ಹನಿ ಮೂಗಿನ ಮೂಲಕ ಗಂಟಲಿಗೆ ಇಳಿದಿದೆ ಅಷ್ಟೆ. ಡಾರ್ಜೊಲಮೈಡ್ ಸ್ವಲ್ಪ ಉರಿಯುತ್ತದೆ, ಬ್ರಿಂಜೊಲಮೈಡ್ ಹಾಕಿದಾಗ ಕೆಲವು ನಿಮಿಷ ಮಂಜಾಗುತ್ತದೆ. ಅದನ್ನು ಹಾಕುವ ಮುಂಚೆ ಬಾಟಲಿ ಅಲುಗಾಡಿಸಬೇಕು. ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಒತ್ತಡ ತುರ್ತಾಗಿ ಇಳಿಸಬೇಕಾದಾಗ ಕೊಡುವ ಅಸಿಟಜೊಲಮೈಡ್ ಮಾತ್ರೆ ಇದೇ ಗುಂಪಿನದು.

5. ಪೈಲೊಕಾರ್ಪಿನ್

ಎಲ್ಲಕ್ಕಿಂತ ಹಳೆಯದು, 1870ರ ದಶಕದಿಂದ ಬಳಕೆಯಲ್ಲಿದೆ. ಬ್ರೆಜಿಲ್‌ನ ಜಬೊರಾಂಡಿ ಎಂಬ ಗಿಡದ ಎಲೆಯಿಂದ ಬಂದದ್ದು. ಕಣ್ಣಿನ ಪಾಪೆಯನ್ನು ಕಿರಿದು ಮಾಡುತ್ತದೆ, ಹುಬ್ಬು ನೋವು, ಮಬ್ಬು ಬೆಳಕಿನಲ್ಲಿ ಕಾಣದಿರುವುದು ಇದರ ತೊಂದರೆಗಳು. ಈಗ ಕೆಲವು ಸಂದರ್ಭಗಳಲ್ಲಿ ಮಾತ್ರ ಬಳಸುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ, 15 ನಿಮಿಷದಲ್ಲಿ ಓದುವ ಕನ್ನಡಕ ಬೇಡವಾಗಿಸುವ ಹನಿ ಎಂದು ಫೋನಿನಿಂದ ಫೋನಿಗೆ ಓಡಿದ ಸುದ್ದಿ ನೆನಪಿದೆಯೇ? ಅದರೊಳಗೆ ಇದ್ದದ್ದೂ ಇದೇ ಪೈಲೊಕಾರ್ಪಿನ್. ಅನುಮತಿಯಿಲ್ಲದ ರೀತಿಯಲ್ಲಿ ಪ್ರಚಾರ ಮಾಡಲಾಗಿದೆ ಎಂಬ ಕಾರಣಕ್ಕೆ ಕೇಂದ್ರದ ಔಷಧ ನಿಯಂತ್ರಕರು ಅದರ ಅನುಮತಿಯನ್ನು ಕೆಲವೇ ದಿನಗಳಲ್ಲಿ ತಡೆಹಿಡಿದರು. ಆ ಹನಿ ಗ್ಲಾಕೋಮಾ ವಾಸಿ ಮಾಡಲು ಬಂದದ್ದಲ್ಲ, ಕನ್ನಡಕವನ್ನು ಶಾಶ್ವತವಾಗಿ ಬಿಡಿಸುವುದೂ ಅಲ್ಲ.

6. ರಿಪಾಸುಡಿಲ್, ನೆಟಾರ್ಸುಡಿಲ್

ಇವು ಹೊಸಬು. ರಿಪಾಸುಡಿಲ್ 2014ರಲ್ಲಿ ಜಪಾನಿನಲ್ಲಿ, ನೆಟಾರ್ಸುಡಿಲ್ 2017ರಲ್ಲಿ ಅಮೆರಿಕದಲ್ಲಿ ಬಂದವು. ಕಟ್ಟಿಕೊಂಡ ಜರಡಿಯನ್ನೇ ಸಡಿಲಿಸುವುದು ಇವುಗಳ ವಿಶೇಷ. ಕಣ್ಣು ಕೆಂಪಾಗುವುದು ಸಾಮಾನ್ಯ.

ಒಂದೇ ಔಷಧ ಸಾಲದಿದ್ದರೆ ಎರಡನ್ನು ಸೇರಿಸಿದ ಒಂದೇ ಬಾಟಲಿ ಸಿಗುತ್ತದೆ. ಬ್ರಿಮೊನಿಡಿನ್ ಜೊತೆ ಟಿಮೊಲಾಲ್, ಡಾರ್ಜೊಲಮೈಡ್ ಜೊತೆ ಟಿಮೊಲಾಲ್ ಹೀಗೆ. ಹೆಸರು ಬೇರೆ ಇದ್ದರೂ ಒಳಗೆ ಟಿಮೊಲಾಲ್ ಇರಬಹುದು. ಅಸ್ತಮಾ ಇರುವವರು ಇದನ್ನು ನೋಡಿಕೊಳ್ಳಬೇಕು.

ಹನಿ ಹಾಕುವ ಸರಿಯಾದ ರೀತಿ

ಅರ್ಧ ಔಷಧ ಕೆನ್ನೆಗೆ ಹೋದರೆ ಅರ್ಧ ದುಡ್ಡೂ ಅಲ್ಲಿಗೇ ಹೋದಂತೆ. ಹೀಗೆ ಮಾಡಿ:

• ಕೈ ತೊಳೆದುಕೊಳ್ಳಿ. ಬಾಟಲಿಯ ಹೆಸರು ಓದಿ. ಕಿವಿಗೆ ಹಾಕುವ ಹನಿಯ ಬಾಟಲಿಯೂ ಹೀಗೇ ಇರುತ್ತದೆ, ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ.
• ತಲೆ ಹಿಂದಕ್ಕೆ ವಾಲಿಸಿ ಅಥವಾ ಮಲಗಿ, ಕೆಳ ರೆಪ್ಪೆಯನ್ನು ಎಳೆದು ಸಣ್ಣ ಜೋಳಿಗೆಯಂತೆ ಮಾಡಿ ಅದರೊಳಗೆ ಒಂದು ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೂ ರೆಪ್ಪೆಗೂ ತಾಗಬಾರದು.
• ಒಂದೇ ಹನಿ ಸಾಕು. ಕಣ್ಣಿನಲ್ಲಿ ಅದಕ್ಕಿಂತ ಹೆಚ್ಚು ನಿಲ್ಲುವ ಜಾಗವೇ ಇಲ್ಲ, ಎರಡನೆಯದು ಹೊರಗೆ ಹರಿಯುತ್ತದೆ.
• ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಔಷಧ ಮೂಗಿಗೆ ಇಳಿಯುವುದು ಕಡಿಮೆಯಾಗುತ್ತದೆ, ಬಾಯಿ ಕಹಿಯಾಗುವುದೂ ತಪ್ಪುತ್ತದೆ. ಪಟಪಟ ಕಣ್ಣು ಮಿಟುಕಿಸಬೇಡಿ.
• ಎರಡು ಬೇರೆ ಔಷಧ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಿ. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.
• ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು ಹನಿ ಹಾಕಿ, 15 ನಿಮಿಷದ ನಂತರ ಮತ್ತೆ ಹಾಕಿಕೊಳ್ಳಿ.
• ಮುಚ್ಚಳ ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಹೆಚ್ಚಿನವನ್ನು ತೆರೆದ 4 ವಾರದ ನಂತರ ಎಸೆಯಬೇಕು. ಕೆಲವನ್ನು ತೆರೆಯುವವರೆಗೆ ಫ್ರಿಡ್ಜಿನಲ್ಲಿ ಇಡಬೇಕು, ಲೇಬಲ್ ನೋಡಿ.
• ಮರೆತರೆ ಮುಂದಿನ ಸಲ ಎರಡು ಪಟ್ಟು ಹಾಕಬೇಡಿ.

ಕೈ ನಡುಗುವ ಹಿರಿಯರಿಗೆ ಇದು ಸುಲಭವಲ್ಲ. ರಾತ್ರಿ ಹಲ್ಲುಜ್ಜುವ ಹೊತ್ತಿಗೋ ಊಟದ ಮಾತ್ರೆಯ ಹೊತ್ತಿಗೋ ಸೇರಿಸಿ, ಮನೆಯ ಒಬ್ಬರು ಜವಾಬ್ದಾರಿ ತೆಗೆದುಕೊಂಡರೆ ತಪ್ಪುವುದು ಕಡಿಮೆ.

ಫಾರ್ವರ್ಡ್ ಮಾತುಗಳು, ಒಂದೊಂದಾಗಿ

ಈರುಳ್ಳಿ, ಜೇನು, ನಿಂಬೆರಸದಿಂದ ಗ್ಲಾಕೋಮಾ ವಾಸಿಯಾಗುತ್ತದೆ: ತಪ್ಪು. ಇವು ಕಣ್ಣೊಳಗಿನ ಒತ್ತಡ ಇಳಿಸಿ ನರವನ್ನು ಕಾಯುತ್ತವೆ ಎನ್ನಲು ಆಧಾರವಿಲ್ಲ. ನಿಂಬೆರಸ ಆಮ್ಲ, ಕಣ್ಣಿನ ಪಾರದರ್ಶಕ ಪದರವನ್ನು ಸುಡಬಲ್ಲದು. ಅಡುಗೆಮನೆಯಲ್ಲಿ ಮಾಡಿದ ಹನಿಯಲ್ಲಿ ರೋಗಾಣುಗಳೂ ಇರುತ್ತವೆ. ನಂದಿಬಟ್ಟಲು ಹೂವಿನ ರಸ, ಎದೆಹಾಲು ಹಾಕುವ ರೂಢಿಗೂ ಇದೇ ಮಾತು.

ಡ್ರಾಪ್ಸ್ ಚಟವಾಗುತ್ತದೆ: ತಪ್ಪು. ಬಹಳ ಕಾಲ ಬೇಕಾಗುವುದಕ್ಕೂ ಚಟಕ್ಕೂ ವ್ಯತ್ಯಾಸವಿದೆ. ಕಿಂಡಿ ಕಟ್ಟಿಕೊಂಡೇ ಇರುವುದರಿಂದ ಔಷಧ ಬಿಟ್ಟರೆ ಒತ್ತಡ ಮತ್ತೆ ಹಳೆಯ ಮಟ್ಟಕ್ಕೆ ಏರುತ್ತದೆ, ಅಷ್ಟೆ.

ತಪಾಸಣೆಗೆ ಹೋಗುವ ವಾರ ಸರಿಯಾಗಿ ಹಾಕಿದರೆ ಸಾಕು: ಇದು ಯಾರೂ ಫಾರ್ವರ್ಡ್ ಮಾಡದ, ಆದರೆ ಅನೇಕರು ಮಾಡುವ ಕೆಲಸ. ಪರೀಕ್ಷೆಯ ಹಿಂದಿನ ದಿನ ಓದಿದ ಹಾಗೆ. ಆ ದಿನ ಒತ್ತಡ ಚೆನ್ನಾಗಿ ಕಾಣುತ್ತದೆ, ನರ ಮಾತ್ರ ಕೆಡುತ್ತಲೇ ಇರುತ್ತದೆ. ಈ ಔಷಧ ಸಾಲದು ಎಂದುಕೊಂಡು ಡಾಕ್ಟರು ಇನ್ನೊಂದು ಹನಿಯನ್ನೋ ಆಪರೇಷನ್ನನ್ನೋ ಸೂಚಿಸಬೇಕಾಗುತ್ತದೆ. ತಪ್ಪಿಸಿದ್ದರೆ ತಪ್ಪಿಸಿದ್ದೇನೆ ಎಂದೇ ಹೇಳಿ. ದುಬಾರಿ ಎನಿಸಿದರೆ ಅದನ್ನೂ ಹೇಳಿ, ಕಡಿಮೆ ಬೆಲೆಯ ಜೆನೆರಿಕ್ ಇದೆಯೇ ಎಂದು ಕೇಳಿ. ಉರಿ, ಕೆಂಪು ತಡೆಯಲಾಗದಿದ್ದರೆ ಬೇರೆ ಔಷಧ ಕೇಳಿ.

ಕಣ್ಣು ಕೆಂಪಾದರೆ ಮೆಡಿಕಲ್ ಶಾಪಿನ ಯಾವುದಾದರೂ ಡ್ರಾಪ್ಸ್ ಸಾಕು: ಅಪಾಯ. ಅಂಗಡಿಯಲ್ಲಿ ಕೇಳಿ ತರುವ ಹನಿಗಳಲ್ಲಿ ಹಲವಕ್ಕೆ ಡೆಕ್ಸಾಮೆಥಸೋನ್, ಬೆಟಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ಸೇರಿರುತ್ತದೆ. ಕೆಂಪು, ತುರಿಕೆ ಬೇಗ ಇಳಿಯುತ್ತದೆ, ಹಾಗಾಗಿ ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರುತ್ತೇವೆ. ವಾರಗಟ್ಟಲೆ ಬಳಸಿದರೆ ಕೆಲವರಲ್ಲಿ ಇದೇ ಒತ್ತಡ ಏರಿಸಿ ಗ್ಲಾಕೋಮಾ ತರುತ್ತದೆ. ಅಲರ್ಜಿಯಿಂದ ಸದಾ ಕಣ್ಣು ಉಜ್ಜುವ ಮಕ್ಕಳಲ್ಲಿ ಹೀಗೆ ದೃಷ್ಟಿ ಹೋಗುವುದು ತಪ್ಪಿಸಬಹುದಾದ ದುರಂತ. ಸ್ಟಿರಾಯ್ಡ್ ಹನಿ ಕೆಟ್ಟದ್ದೆಂದಲ್ಲ. ಡಾಕ್ಟರು ಹೇಳಿದಷ್ಟು ದಿನ ಮಾತ್ರ, ಅವರ ಕಣ್ಗಾವಲಿನಲ್ಲಿ ಹಾಕಬೇಕು.

ಹನಿ ಬಿಟ್ಟು ಬೇರೆ ದಾರಿ ಇಲ್ಲವೇ?

ಇದೆ. ಜರಡಿಗೆ ಲೇಸರ್ ಕೊಟ್ಟು ಹರಿವು ಹೆಚ್ಚಿಸಬಹುದು. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿಗೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ಶೇ 74 ಮಂದಿಗೆ 3 ವರ್ಷದ ನಂತರವೂ ಹನಿ ಬೇಕಾಗಿರಲಿಲ್ಲ. ಎಲ್ಲ ಬಗೆಯ ಗ್ಲಾಕೋಮಾಗೆ ಇದು ಹೊಂದುವುದಿಲ್ಲ. ಹನಿ, ಲೇಸರ್ ಸಾಲದಿದ್ದರೆ ಆಪರೇಷನ್ ಮಾಡಿ ದ್ರವಕ್ಕೆ ಹೊಸ ದಾರಿ ಮಾಡುತ್ತಾರೆ. ಇವೂ ಹೋದ ದೃಷ್ಟಿಯನ್ನು ತರುವುದಿಲ್ಲ, ಇರುವುದನ್ನು ಉಳಿಸುತ್ತವೆ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ಇದ್ದಕ್ಕಿದ್ದಂತೆ ಒಂದು ಕಣ್ಣಿನಲ್ಲಿ ತೀವ್ರ ನೋವು, ಕೆಂಪು, ನೋಟ ಮಂಜು, ದೀಪದ ಸುತ್ತ ಬಣ್ಣದ ಬಳೆ, ಜೊತೆಗೆ ತಲೆನೋವು, ವಾಂತಿ. ಇದು ಬಚ್ಚಲ ಕಿಂಡಿ ಒಮ್ಮೆಲೇ ಮುಚ್ಚಿಕೊಂಡ ಲಕ್ಷಣ. ಪಿತ್ತ, ಮೈಗ್ರೇನ್ ಎಂದು ಶುಂಠಿ ಕಷಾಯ ಕುಡಿದು ಮಲಗಬೇಡಿ. ಗಂಟೆಗಳಲ್ಲಿ ದೃಷ್ಟಿ ಹೋಗಬಹುದು. ಹನಿ ಶುರು ಮಾಡಿದ ಮೇಲೆ ಉಬ್ಬಸ, ತಲೆ ತಿರುಗಿ ಬೀಳುವುದು ಕಂಡರೂ ತಕ್ಷಣ ಡಾಕ್ಟರನ್ನು ನೋಡಿ.

ಕೊನೆಗೆ, ಮನೆಯವರಿಗೆ

ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು. 40 ದಾಟಿದವರು ಕನ್ನಡಕದ ನಂಬರ್ ನೋಡಿಸುವಾಗ ಕಣ್ಣಿನ ಒತ್ತಡ ಮತ್ತು ಹಿಂಭಾಗದ ನರವನ್ನೂ ನೋಡಿ ಎಂದು ಕೇಳಿ.

ಇವತ್ತು ರಾತ್ರಿ ಮಾಡಬಹುದಾದ ಕೆಲಸ ಒಂದಿದೆ. ಮನೆಯಲ್ಲಿ ಹಿರಿಯರ ಡ್ರಾಪ್ಸ್ ಬಾಟಲಿ ಹುಡುಕಿ. ಅದು ಯಾವ ಔಷಧ, ಯಾವಾಗ ತೆರೆದದ್ದು, ದಿನಾ ಹಾಕುತ್ತಿದ್ದಾರೆಯೇ ಎಂದು ನೋಡಿ. ಹಾಕಿದರೂ ಏನೂ ಗೊತ್ತಾಗ್ತಿಲ್ಲ ಎಂದು ಅವರು ಬಿಟ್ಟಿದ್ದರೆ, ಏನೂ ಗೊತ್ತಾಗದಿರಲಿ ಎಂದೇ ಅದನ್ನು ಹಾಕುವುದು ಎಂದು ತಿಳಿಸಿ ಹೇಳಿ. ಈರುಳ್ಳಿ ರಸದ ಮೆಸೇಜ್ ಬಂದ ಗ್ರೂಪಿಗೇ ಈ ಲೇಖನವನ್ನೂ ಕಳಿಸಿ.

ಇಲ್ಲಿ ಹೇಳಿದ್ದು ತಿಳಿವಳಿಕೆಗಾಗಿ. ನಿಮ್ಮ ಕಣ್ಣಿಗೆ ಯಾವ ಔಷಧ ಎಂಬುದನ್ನು ಕಣ್ಣಿನ ವೈದ್ಯರೇ ಹೇಳಬೇಕು.